ಅರ್ಧ ದಾರಿಯಲ್ಲಿ ನಿಂತ ವಿಮಾನ

ಆಗ ನನಗೆ ಇಪ್ಪತ್ತು ತುಂಬಿತ್ತು. ಪಿಯುಸಿ ಮುಗಿದಿತ್ತು, ಟೈಪಿಂಗ್ ಪರೀಕ್ಷೆಯೂ ಆಗಿತ್ತು. ಕೆಲಸ ಸಿಕ್ಕಿರಲಿಲ್ಲ, ಮದುವೆ ಕೂಡಿಬಂದಿರಲಿಲ್ಲ. ಬೆಳಗಾದರೆ ಕ್ವಾರ್ಟರ್ಸಿನ ಬಾಗಿಲಿಗೂ ಗೇಟಿಗೂ ನಡುವೆ ಓಡಾಡುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. "ಕಾಲು ಸುಟ್ಟ ಬೆಕ್ಕಿನಂಗ ಯಾಕ ತಿರಗತೀಯ?" ಎಂದು ಅವ್ವ ಬೈಯುತ್ತಿದ್ದಳು.

ನಮ್ಮದು ಗದಗಿನ ಕಡೆಯ ಮನೆತನ. ಅಪ್ಪ ಕೆಜಿಎಫ್‌ನಲ್ಲಿ ಭಾರೀ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಕಾರ್ಖಾನೆಯವರ ಮನೆಗಳಿಗೂ ಚಿನ್ನದ ಗಣಿಯಲ್ಲಿ ಇಳಿಯುವವರ ಲೈನುಮನೆಗಳಿಗೂ ಹೋಗಿಬರುವುದು ಅಷ್ಟಕ್ಕಷ್ಟೆ. ನನಗೆ ಆ ಕಡೆಯ ಪರಿಚಯವಾದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ. ಅಲ್ಲಿದ್ದ ಒಂದೇ ಒಂದು ಕನ್ನಡ ಟೈಪ್‌ರೈಟರಿನ ಮುಂದೆ ನಾನು ಸಮಯ ಕಳೆಯಲೆಂದೇ ಕೂರುತ್ತಿದ್ದೆ. ಒಂದು ದಿನ ನಡುವಯಸ್ಸಿನ ಗಟ್ಟಿಮುಟ್ಟು ಆಳೊಬ್ಬರು ಮುದುರಿದ ಹಾಳೆಗಳ ಕಟ್ಟು ಹಿಡಿದು ಬಂದರು. ಗಣಿಯೊಳಗೆ ಮರದ ದಿಮ್ಮಿಗಳನ್ನು ಆನಿಸಿ ಚಾವಣಿ ಕುಸಿಯದಂತೆ ನಿಲ್ಲಿಸುವ ಮೇಸ್ತ್ರಿ ಅವರು. ಮನೆಮಾತು ತಮಿಳು, ನಾಟಕ ಬರೆಯುತ್ತಿದ್ದದ್ದು ಕನ್ನಡದಲ್ಲಿ. ಕಾರ್ಮಿಕರ ಕ್ಲಬ್ಬಿನಲ್ಲಿ ವರ್ಷಕ್ಕೊಂದು ನಾಟಕ ಅವರದೇ.

"ಈ ವರ್ಷ ಪುರಾಣ ಇಲ್ಲಮ್ಮಾ. ಪ್ಲೇನ್ ಹೈಜಾಕ್! ರೇಡಿಯೋ ಹಾಕಿದ್ರೆ ಅದೇ ಸುದ್ದಿ ಅಲ್ವಾ? ಜನ ಕುರ್ಚಿ ಬಿಟ್ಟು ಏಳಬಾರದು, ಅಂಗೆ ಬರ್ದಿದೀನಿ" ಎಂದರು.

ಹೌದು, ಆ ವರ್ಷಗಳಲ್ಲಿ ಅಪಹರಣದ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ನಾನು ಟೈಪ್ ಮಾಡುತ್ತಾ ಹೋದೆ. ಮದರಾಸಿನಿಂದ ಬೆಂಗಳೂರಿಗೆ ಹೊರಟ ವಿಮಾನ. ಮೂವರು ದುಷ್ಟರು ಏಳುತ್ತಾರೆ. ಒಬ್ಬನ ಕೈಯಲ್ಲಿ ಪಿಸ್ತೂಲು, ಇನ್ನೊಬ್ಬನ ಟಿಫಿನ್ ಕ್ಯಾರಿಯರಿನಲ್ಲಿ ಬಾಂಬು. ಪೈಲಟ್ಟು ಇಂಧನ ಮುಗಿಯಿತೆಂದು ಸುಳ್ಳು ಹೇಳಿ ಆಕಾಶದಲ್ಲೇ ಸುತ್ತು ಹೊಡೆಯುತ್ತಾನೆ. ಗಗನಸಖಿ ಒಂದು ಮಗುವನ್ನು ಸೀಟಿನ ಕೆಳಗೆ ಬಚ್ಚಿಡುತ್ತಾಳೆ. ಕೊನೆಗೆ ವಿಮಾನ ಬಂಗಾರಪೇಟೆಯ ಹತ್ತಿರ ರಾಗಿ ಹೊಲವೊಂದರಲ್ಲಿ ಇಳಿಯುತ್ತದೆ. ರಾಗಿ ಹೊಲದಲ್ಲಿ ವಿಮಾನ ಇಳಿಯಲು ಸಾಧ್ಯವೇ ಎಂದು ಕೇಳಿದೆ. "ನಾಟಕದಲ್ಲಿ ಇಳಿಯುತ್ತೆ" ಎಂದರು ಮೇಸ್ತ್ರಿ.

ಟೈಪು ಮುಗಿಯುವಷ್ಟರಲ್ಲಿ ಎಲ್ಲರ ಮಾತೂ ನನಗೆ ಬಾಯಿಪಾಠವಾಗಿತ್ತು. ಪ್ರತಿ ವರ್ಷ ಹೆಣ್ಣು ಪಾತ್ರಕ್ಕೆ ಬಂಗಾರಪೇಟೆಯಿಂದ ಬರುತ್ತಿದ್ದ ಕಲಾವಿದೆ ಯಾವುದೋ ನಾಟಕ ಕಂಪನಿ ಸೇರಿ ಊರು ಬಿಟ್ಟಿದ್ದಳು. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ನಾನೇ ಅಂದುಬಿಟ್ಟೆ: "ಗಗನಸಖಿ ಪಾರ್ಟು ನಾನು ಮಾಡ್ತೀನಿ."

ಮನೆಯಲ್ಲಿ ವಿಷಯ ಹೇಳಿದಾಗ ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ. ಅಪ್ಪ, "ಮಾಡ. ಸುಮ್ನ ಅಡ್ಡಾಡೂದಕ್ಕಿಂತ ಬೇಷಿ. ದೀಪಾ ಹಚ್ಚೂದ್ರಾಗ ಮನ್ಯಾಗ ಇರಬೇಕ ನೋಡವಾ" ಎಂದರು. ಅಷ್ಟೇ ಅಲ್ಲ, ಒಂದು ಭಾನುವಾರ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೊರಟರು. ಉರಿಗಾಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಬದಲಿಸಿ, ಆಮೇಲೆ ಸಿಟಿ ಬಸ್ಸಿನಲ್ಲಿ ಹಳೆಯ ವಿಮಾನ ನಿಲ್ದಾಣಕ್ಕೆ. ಟಿಕೆಟ್ಟು ಕೊಂಡು ಗ್ಯಾಲರಿಯಲ್ಲಿ ನಿಂತರೆ ವಿಮಾನ ಇಳಿಯುವುದು ಕಾಣುತ್ತಿತ್ತು. ಒಂದು ಬಂತು. ಮೆಟ್ಟಿಲು ಹಚ್ಚಿದರು. ಪ್ರಯಾಣಿಕರೆಲ್ಲ ಇಳಿದ ಮೇಲೆ ಇಬ್ಬರು ಗಗನಸಖಿಯರು ಹೊರಗೆ ಬಂದರು. ಒಬ್ಬಳು ದೊಡ್ಡದಾಗಿ ಆಕಳಿಸಿದಳು. ಇನ್ನೊಬ್ಬಳು ಚಪ್ಪಲಿ ಕಳಚಿ ಕಾಲ್ಬೆರಳು ತಿಕ್ಕಿಕೊಂಡಳು. ನಾನು ಅದನ್ನೇ ಕಲಿತು ಬಂದು ರಿಹರ್ಸಲಿನಲ್ಲಿ ಕಾಲೆಳೆದುಕೊಂಡು ನಡೆದೆ. "ಏನಮ್ಮಾ ಇದು, ನೈಟ್ ಶಿಫ್ಟ್ ಮುಗ್ಸಿ ಬಂದಂಗೈತೆ! ನಗು, ನಗು!" ಎಂದು ಮೇಸ್ತ್ರಿ ಗದರಿದರು.

ಆದರೆ ಅವರಿಗೆ ನನಗಿಂತ ದೊಡ್ಡ ತಲೆನೋವೆಂದರೆ ಮುಖ್ಯ ಅಪಹರಣಕಾರ. ಅವನು ಬೂದಿಕೋಟೆಯ ಪಕ್ಕದ ಹಳ್ಳಿಯ ಒಕ್ಕಲು ಮನೆಯ ಹುಡುಗ, ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಗಣಿಯೊಳಗೆ ಅದಿರಿನ ಟ್ರಾಲಿ ತಳ್ಳುತ್ತಿದ್ದ. ಉರಿಗಾಂನ ಲೈನಿನಲ್ಲಿ ಅಕ್ಕ-ಭಾವನ ಮನೆಯಲ್ಲಿ ಇದ್ದ. ಆರಡಿ ಎತ್ತರ, ಕೆಂಡದಂಥ ಕಣ್ಣು; ನೋಡಿದರೆ ಸಾಕು ವಿಮಾನ ಬಿಟ್ಟುಕೊಡಬೇಕು. ಬಾಯಿ ತೆರೆದರೆ ಮಾತ್ರ ಕರುವಿನ ದನಿ.

"ಲೇ, ನೀನು ಪ್ಲೇನ್ ಕೇಳ್ತಾ ಇದ್ಯಾ, ಪಕ್ಕದ್ಮನೇಲಿ ಉಪ್ಪು ಕೇಳ್ತಾ ಇದ್ಯಾ?" ಎಂದರು ಮೇಸ್ತ್ರಿ.

ಅವನ ಅಕ್ಕ ರಿಹರ್ಸಲಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ತಮ್ಮ ತೊದಲಿದರೆ ಅಲ್ಲಿಂದಲೇ ಕೂಗುತ್ತಿದ್ದಳು: "ಕಿರ್ಚ್ಲಾ! ಹೊಲಕ್ ನುಗ್ಗಿದ್ ದನ ಓಡ್ಸಾಗ ಕಿರ್ಚಲ್ವಾ, ಅಂಗೆ ಕಿರ್ಚು!" ಅವಳ ಗಂಡನೂ ಗಣಿಯಲ್ಲೇ ಕೆಲಸ. ತೆಳ್ಳಗಿನ, ನಗುಮುಖದ ಮನುಷ್ಯ. ಭಾಮೈದ ನಾಟಕ ಮಾಡುತ್ತಾನೆಂದು ಇಡೀ ಲೈನಿಗೆ ಹೇಳಿಕೊಂಡು ಬಂದವನು ಅವನೇ. ನಾಟಕದ ದಿನ ಹುಡುಗನಿಗೆ ಮಧ್ಯಾಹ್ನದ ಶಿಫ್ಟ್ ಬಿತ್ತು. ರಜೆ ಸಿಗಲಿಲ್ಲ. ಅವನು ಪೆಚ್ಚುಮೋರೆ ಹಾಕಿಕೊಂಡು ಬಂದಾಗ ಭಾವನೇ, "ನಿನ್ ಬದ್ಲು ನಾ ಇಳೀತೀನಿ ಬಿಡ್ಲಾ. ನಾನೇನ್ ಪಿಸ್ತೂಲ್ ಇಡಿಯಾಕಾಯ್ತದಾ?" ಎಂದ. ನಾವೆಲ್ಲ ನಕ್ಕೆವು.

ನಾಟಕ ನಡೆದದ್ದು ಹಗಲಿನಲ್ಲಿ. ಕ್ಲಬ್ಬಿನ ಕಿಟಕಿಗಳಿಗೆ ಗೋಣಿಚೀಲ ಹೊಡೆದು ಕತ್ತಲು ಮಾಡಿದ್ದರು. ವೇದಿಕೆಯ ಮೇಲೆ ಎರಡು ಸಾಲು ಮಡಚುವ ಕುರ್ಚಿ, ನಡುವೆ ಓಡಾಡಲು ದಾರಿ; ಮುಂದೆ ರಟ್ಟಿನ ಕಾಕ್‌ಪಿಟ್. ನನಗೆ ಯಾರದೋ ನೀಲಿ ಸೀರೆ, ತಲೆಗೆ ರಟ್ಟಿಗೆ ಬಟ್ಟೆ ಸುತ್ತಿದ ಟೋಪಿ, ಎದೆಗೆ ಹಿತ್ತಾಳೆಯ ಬಿಲ್ಲೆ. ಕೈಯಲ್ಲಿ ಕ್ಯಾಂಟೀನಿನ ತಟ್ಟೆ. ಅಪ್ಪ ಹಿಂದೆಲ್ಲೋ ಕೂತಿದ್ದರು. ಹುಡುಗನ ಅಕ್ಕ ಮುಂದಿನ ಸಾಲಿನಲ್ಲಿ.

ಮೊದಲೆರಡು ದೃಶ್ಯ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಹೋದವು. ಕನ್ನಡ, ತಮಿಳು, ತೆಲುಗು ಮೂರೂ ಕಲಸಿದ ಪ್ರಯಾಣಿಕರ ಜಗಳಕ್ಕೆ ಜನ ಬಿದ್ದು ಬಿದ್ದು ನಕ್ಕರು. ಮೂರನೆಯ ದೃಶ್ಯದಲ್ಲಿ ಹುಡುಗ ಮುಖಕ್ಕೆ ಕಪ್ಪು ಕರವಸ್ತ್ರ ಕಟ್ಟಿಕೊಂಡು ಎದ್ದ. ಮರದ ಪಿಸ್ತೂಲನ್ನು ಪೈಲಟ್ಟಿನ ಕಿವಿಗಿಟ್ಟು, "ಯಾರೂ ಅಲ್ಲಾಡಬೇಡಿ!" ಎಂದು ಅಬ್ಬರಿಸಿದ. ಅಷ್ಟು ದಿನ ಎಲ್ಲಿತ್ತೋ ಆ ದನಿ! ಸಭೆ ತಣ್ಣಗಾಯಿತು.

ಆಗ ನೆಲ ಅಲ್ಲಾಡಿತು.

ಗಣಿಯೂರಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಬಹಳ ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿಯುತ್ತದೆ. ಮೇಲೆ ಪಾತ್ರೆಗಳು ಗಲಗಲ ಅನ್ನುತ್ತವೆ. ಏರ್‌ಬ್ಲಾಸ್ಟ್ ಅನ್ನುತ್ತಾರೆ, ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಾರೆ. ಆದರೆ ಅದು ಅಂಥದ್ದಲ್ಲ. ದೊಡ್ಡದೊಂದು ಪ್ರಾಣಿ ನಮ್ಮೆಲ್ಲರನ್ನೂ ಬೆನ್ನ ಮೇಲೆ ಹೊತ್ತು ಮಗ್ಗುಲು ಬದಲಿಸಿದಂತೆ ಆಯಿತು. ರಟ್ಟಿನ ಕಾಕ್‌ಪಿಟ್ ಮುಂದಕ್ಕೆ ಮಕಾಡೆ ಬಿತ್ತು. ಹೆಂಚಿನ ಸಂದಿಯಿಂದ ಧೂಳು ಉದುರಿತು. ಹಿಂದಿನ ಸಾಲಿನವರು ಇದೂ ಮೇಸ್ತ್ರಿಯ ಏರ್ಪಾಡೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು.

ಚಪ್ಪಾಳೆಯ ನಡುವೆ ಅಕ್ಕ ಎದ್ದು ನಿಂತಳು. ಅವಳು ನೋಡಿದ್ದು ತಮ್ಮನನ್ನು. ಅವನು ಇನ್ನೂ ಪಿಸ್ತೂಲು ಹಿಡಿದೇ ಇದ್ದ. ಮರುಕ್ಷಣ ಅವನು ವೇದಿಕೆಯಿಂದ ಧುಮುಕಿ ಬಾಗಿಲಿನತ್ತ ಓಡಿದ. ಹೊರಗೆ ಸೈರನ್ ಕೂಗತೊಡಗಿತು. ಶಿಫ್ಟಿನ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಏನರ್ಥವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನಾನೇಕೆ ಓಡಿದೆನೋ ಹೇಳಲಾರೆ. ನನ್ನವರು ಯಾರೂ ಕೆಳಗಿರಲಿಲ್ಲ. ಎತ್ತರದ ಹಿಮ್ಮಡಿಯ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಜನರ ಜೊತೆ ಓಡಿದೆ. ಗೋಣಿಚೀಲದ ಕತ್ತಲಿನಿಂದ ಹೊರಬಿದ್ದ ಕೂಡಲೇ ಬಿಸಿಲು ಕಣ್ಣಿಗೆ ಹೊಡೆಯಿತು. ಲೈನುಮನೆಗಳಿಂದ ಹೆಂಗಸರು ಒದ್ದೆ ಕೈಯಲ್ಲಿ, ಮಕ್ಕಳನ್ನು ಎತ್ತಿಕೊಂಡು, ಒಲೆ ಆರಿಸದೆ ಬರುತ್ತಿದ್ದರು. ಎಲ್ಲರ ಮುಖವೂ ಗಣಿಗೆ ಇಳಿಯುವ ಶಾಫ್ಟಿನ ಮೇಲಿನ ದೊಡ್ಡ ಚಕ್ರದ ಕಡೆಗೆ. ಚಕ್ರ ನಿಂತಿತ್ತು. ಅದು ತಿರುಗಿದರೆ ತಾನೇ ಕೆಳಗಿನಿಂದ ಆಳುಗಳನ್ನು ಹೊತ್ತ ಕೇಜು ಮೇಲೆ ಬರುವುದು.

ಗಣಿಯ ಗೇಟು ಮುಚ್ಚಿದ್ದರು. ಹುಡುಗ ಮುಖದ ಕರವಸ್ತ್ರ ಬಿಚ್ಚುವುದನ್ನೇ ಮರೆತು, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದ. ಕಾವಲಿನವನು ಬೆದರಿ ಲಾಠಿ ಎತ್ತಿದ. ಮೇಸ್ತ್ರಿ ಓಡಿಬಂದು ನಡುವೆ ನಿಂತು, "ಮರ, ಮರ! ನಾಟಕದ್ದು!" ಎನ್ನುತ್ತಾ ಪಿಸ್ತೂಲು ಕಿತ್ತುಕೊಂಡು ಬೆರಳಿನಿಂದ ಕುಟ್ಟಿ ತೋರಿಸಿದರು. ಆಮೇಲೆ ಹುಡುಗನ ಕರವಸ್ತ್ರವನ್ನು ತಾವೇ ಬಿಚ್ಚಿದರು. ಅದರಡಿ ಮುಖವೆಲ್ಲ ಒದ್ದೆ.

"ನಾನಿರ್ಬೇಕಿತ್ತು ಮೇಸ್ತ್ರೀ. ಅದು ನನ್ ಜಾಗ" ಎಂದ ಅವನು.

"ಸುಮ್ನಿರ್ಲಾ" ಎಂದರು ಮೇಸ್ತ್ರಿ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಅವರಿಬ್ಬರಿಗೂ ಬೆನ್ನು ಮಾಡಿ ಚಕ್ರವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಆಸ್ಪತ್ರೆಯ ವ್ಯಾನು ಬಂತು. ಗೇಟು ತೆರೆದ ಕಾವಲಿನವನು ನನ್ನ ನೀಲಿ ಸೀರೆ, ಟೋಪಿ, ಬಿಲ್ಲೆ ನೋಡಿ, "ಸಿಸ್ಟರ್, ಬೇಗ ಬನ್ನಿ, ಬೇಗ" ಎಂದು ನನ್ನನ್ನೂ ಒಳಗೆ ಎಳೆದುಕೊಂಡ. ಅಲ್ಲ ಎನ್ನಬಹುದಿತ್ತು. ಅವನು ಎಳೆದ ಕಡೆಗೇ ನಡೆದೆ. ಒಳಗೆ ಹೋದ ಮೇಲೆ ಯಾರೋ ನನ್ನ ಕೈಗೆ ನೀರಿನ ಬೋಗುಣಿ ಕೊಟ್ಟರು. ಆ ಹೊತ್ತಿನಲ್ಲಿ ಕೈಗೆ ಏನಾದರೂ ಸಿಕ್ಕಿದ್ದೇ ಪುಣ್ಯ. ಹಿಡಿದುಕೊಂಡು ನಿಂತೆ.

ಚಕ್ರ ತಿರುಗಿತು. ಹೊರಗಿನ ಜನ ಒಟ್ಟಿಗೆ ಉಸಿರೆಳೆದುಕೊಂಡದ್ದು ಒಳಗೆ ಕೇಳಿಸಿತು. ಮೊದಲ ಕೇಜಿನಿಂದ ಇಳಿದವರು ಗಣಿಯ ಬೇರೆ ಆಳದಲ್ಲಿದ್ದವರು, ಗಾಯವಿಲ್ಲ. ಅವರು ಹೊರಗೆ ಹೋದದ್ದೇ ಹೆಂಗಸರು ಅವರ ಮೇಲೆ ಬಿದ್ದು ತಮ್ಮವರ ಹೆಸರು ಕೂಗಿ ಕೂಗಿ ಕೇಳಿದರು. ಎರಡನೆಯದರಲ್ಲಿ ಗಾಯಗೊಂಡವರು. ಎಲ್ಲರೂ ತಲೆಯಿಂದ ಕಾಲಿನವರೆಗೆ ಒಂದೇ ಬೂದು ಬಣ್ಣ. ಯಾರು ಯಾರೆಂದು ತಿಳಿಯುವುದೇ ಕಷ್ಟ. ನಾನು ಬೋಗುಣಿ ಹಿಡಿದು ನಡೆದೆ. ನರ್ಸೊಬ್ಬಳು ಅದರಲ್ಲಿ ಬಟ್ಟೆ ಅದ್ದಿ ಒಬ್ಬೊಬ್ಬರ ಮುಖ ಒರೆಸುತ್ತಾ ಬಂದಳು. ಗೋಡೆಗೆ ಒರಗಿ ಕೂತಿದ್ದ ಒಬ್ಬನ ಮುಖ ಒರೆಸಿದಾಗ ತೆಳ್ಳಗಿನ ಆ ಭಾವ ಕಂಡ. ಎಡಗೈಗೆ ಅಂಗಿ ಸುತ್ತಿಕೊಂಡಿದ್ದ, ಅಂಗಿ ನೆನೆದಿತ್ತು. ಅವನು ನನ್ನ ಟೋಪಿಯನ್ನೇ ನೋಡುತ್ತಾ, "ನಾಟ್ಕ ಆಯ್ತಾ?" ಎಂದ.

ಬೋಗುಣಿ ಕೆಳಗಿಟ್ಟು ಗೇಟಿಗೆ ಓಡಿದೆ. ಸರಳಿನಾಚೆ ನೂರಾರು ಮುಖಗಳು ನನ್ನ ಬಾಯನ್ನೇ ನೋಡುತ್ತಿದ್ದವು. ಅಕ್ಕನಿಗೆ ಏನು ಹೇಳಬೇಕು, ಇತರರ ಮುಂದೆ ಹೇಗೆ ಹೇಳಬೇಕು? ಸರಳಿನ ನಡುವೆ ಕೈಹಾಕಿ ಅವಳ ಮುಂಗೈ ಹಿಡಿದು ಎಳೆದೆ. ಅವಳಿಗೆ ಅದು ಬೇರೆಯೇ ಅರ್ಥ ಕೊಟ್ಟಿತೇನೋ, ಕುಸಿದು ಕೂತಳು. "ಇದಾರೆ, ಇದಾರೆ!" ಎಂದು ಆಗ ಕಿರುಚಿದೆ. ಕಾವಲಿನವನು ಗೇಟು ತುಸು ತೆರೆದ. ಅವಳು ನನ್ನನ್ನು ದೂಡಿಕೊಂಡೇ ಒಳಗೆ ಓಡಿದಳು. ತಮ್ಮ ಹಿಂದೆ ಬರಹೋದ. ಅವಳು ತಿರುಗಿ, "ನೀ ಬರ್ಬ್ಯಾಡ" ಎಂದಳು.

ಇಬ್ಬರು ಮೇಲೆ ಬಂದದ್ದು ಮಾರನೆಯ ದಿನ, ಮುಖವೂ ಮುಚ್ಚುವಂತೆ ಬಟ್ಟೆ ಹೊದಿಸಿಕೊಂಡು. ಅವರಲ್ಲಿ ಯಾರನ್ನೂ ನಾನು ಬಲ್ಲವಳಲ್ಲ. ಅವರ ಹೆಂಡಂದಿರನ್ನು ಗೇಟಿನ ಬಳಿ ನೋಡಿದ್ದೆ. ಇಬ್ಬರೂ ನನ್ನನ್ನು ಸಿಸ್ಟರ್ ಎಂದು ಕರೆದು ಕೇಳಿದ್ದರು. ನಾಟಕದ ದಿನ ನಾನು ಗೇಟಿನಿಂದ ಹೊರಬಂದಾಗ ಅಪ್ಪ ಜನರ ಹಿಂದೆ ನನ್ನ ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡಿದು ನಿಂತಿದ್ದರು. ಬೈಯಲಿಲ್ಲ. ದಾರಿಯಲ್ಲಿ ಒಂದು ಸಲ ಮಾತ್ರ, "ಕಾಲಾಗ ಏನರ ಚುಚ್ಚೇತೇನು?" ಎಂದು ಕೇಳಿದರು.

ಆಮೇಲಿನ ತಿಂಗಳುಗಳಲ್ಲಿ ನನ್ನ ಚಡಪಡಿಕೆಗೆ ಹೊಸ ರೂಪ ಬಂತು. ಎಲ್ಲಿ ಕೂತರೂ ಕಾಲಡಿಯ ನೆಲವನ್ನು ಆಲಿಸುತ್ತಿದ್ದೆ. ಲಾರಿ ಹೋದರೂ ಎದ್ದು ನಿಲ್ಲುತ್ತಿದ್ದೆ. ಪೇಟೆಗೆ ಹೋದರೆ ಜನ ನಿಲ್ಲಿಸಿ, "ಅಮ್ಮಾ, ಆ ಪ್ಲೇನ್ ಕೊನೆಗೆ ಏನಾಯ್ತು?" ಎಂದು ಕೇಳುವರು. ಇಳಿಯಿತು ಎಂದು ಹೇಳಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಭಾವನ ಎಡಗೈಯ ಬೆರಳುಗಳನ್ನು ತೆಗೆದರಂತೆ, ಅವನಿಗೆ ಮೇಲೆಯೇ, ಗಣಿಗಿಳಿಯುವವರಿಗೆ ದೀಪ ಕೊಡುವ ಕೋಣೆಯಲ್ಲಿ ಕೆಲಸ ಕೊಟ್ಟರಂತೆ ಎಂದು ಕೇಳಿದೆ. ಹುಡುಗ ಅಕ್ಕನ ಮನೆ ಬಿಟ್ಟು ಮೇಸ್ತ್ರಿಯ ಮನೆಯ ಜಗುಲಿಯಲ್ಲಿ ಮಲಗುತ್ತಿದ್ದಾನೆ, ಅಕ್ಕ ಅವನ ಜೊತೆ ಮಾತು ಬಿಟ್ಟಿದ್ದಾಳೆ ಎಂದೂ ಕೇಳಿದೆ.

ಅಷ್ಟರಲ್ಲಿ ನನಗೆ ಬಂಗಾರಪೇಟೆಯ ಒಂದು ಕಚೇರಿಯಲ್ಲಿ ತಾತ್ಕಾಲಿಕ ಟೈಪಿಸ್ಟ್ ಕೆಲಸ ಸಿಕ್ಕಿತು. ಬೆಳಿಗ್ಗೆ ರೈಲು, ಸಂಜೆ ರೈಲು. ಒಂದು ಸಂಜೆ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದಾಗ ಬೇವಿನ ಮರದ ಕೆಳಗೆ ಅಕ್ಕ ನಿಂತಿದ್ದಳು. ನನ್ನನ್ನೇ ಕಾಯುತ್ತಿದ್ದಳು.

"ಅದನ್ನ ಮುಗ್ಸಿ" ಎಂದಳು.

"ಯಾವುದನ್ನ?"

"ನಾಟ್ಕಾನ. ಅರ್ಧಕ್ ನಿಂತ್ ಓಯ್ತಲ್ಲ, ಅದು ನನ್ ಕಣ್ಣಾಗೇ ನಿಂತೈತೆ. ಕಣ್ ಮುಚ್ಚುದ್ರೆ ಅವ್ನು ಪಿಸ್ತೂಲ್ ಇಡ್ಕೊಂಡು ನಿಂತವ್ನೆ. ನಮ್ಮೆಜಮಾನ್ರು ಉಂಡು ಮಲೀಕಂತಾರೆ, ಗೊರ್ಕೆ ಹೊಡೀತಾರೆ. ನಾನು ಮಾತ್ರ ಆ ಪ್ಲೇನ್ನಾಗೇ ಕುಂತಿವ್ನಿ. ಇಳ್ಸಿ ನನ್ನ."

ನಾನೇ ಮೇಸ್ತ್ರಿಯ ಮನೆಗೆ ಹೋದೆ. ಅವರು ಹಸ್ತಪ್ರತಿಯನ್ನು ಮೂಲೆಗೆ ಎಸೆದಿದ್ದರು; ಮೊದಲು ಬೇಡವೆಂದರು, ಸತ್ತವರ ಮನೆಯವರು ಏನೆಂದಾರು ಎಂದರು. ಆಮೇಲೆ ಆ ಎರಡು ಮನೆಗಳಿಗೂ ತಾವೇ ಹೋಗಿ ಕೇಳಿ ಬಂದರು. ಒಬ್ಬಾಕೆ ಆಗಲೆಂದು ತಲೆಯಾಡಿಸಿದಳಂತೆ. ಇನ್ನೊಬ್ಬಾಕೆ, ಮಾಡಿಕೊಳ್ಳಿ, ನಾನು ಬರುವುದಿಲ್ಲ ಎಂದಳಂತೆ. ಹುಡುಗನನ್ನು ಒಪ್ಪಿಸುವುದೇ ಕಷ್ಟವಾಯಿತು. ಅವನು ಜಗುಲಿಯ ಕಂಬ ಹಿಡಿದು ನೆಲ ನೋಡುತ್ತಾ ನಿಂತ. "ಅಕ್ಕ ಕೇಳಿದಾಳೆ" ಎಂದೆ. ಎರಡು ಸಲ ಹೇಳಬೇಕಾಯಿತು. "ನಂಜೊತೆ ಮಾತಾಡಾಕಿಲ್ಲ, ನಾಟ್ಕ ನೋಡ್ತಾಳಂತಾ?" ಎಂದ. ಮಾರನೆಯ ದಿನ ರಿಹರ್ಸಲಿಗೆ ಬಂದ.

ಅದೇ ಕ್ಲಬ್ಬು, ಅವೇ ಗೋಣಿಚೀಲಗಳು, ಮತ್ತೆ ಮಧ್ಯಾಹ್ನವೇ. ಜನ ಮೊದಲಿಗಿಂತ ಹೆಚ್ಚು ಬಂದಿದ್ದರು, ಆದರೆ ಯಾರೂ ನೆಮ್ಮದಿಯಾಗಿ ಕೂತಿರಲಿಲ್ಲ. ಬಾಗಿಲ ಹತ್ತಿರದ ಜಾಗಕ್ಕೇ ಜಗಳ. ಮುಂದಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಗಂಡ, ಎಡಗೈಯನ್ನು ಟವೆಲಿನೊಳಗೆ ಮುಚ್ಚಿಕೊಂಡು. ಪ್ರಯಾಣಿಕರ ಜಗಳಕ್ಕೆ ಈ ಸಲ ನಗು ಅಲ್ಲೊಂದು ಇಲ್ಲೊಂದು. ಮೂರನೆಯ ದೃಶ್ಯ ಬಂತು. ಹುಡುಗ ಎದ್ದ, ಪಿಸ್ತೂಲು ಇಟ್ಟ, ಬಾಯಿ ತೆರೆದ. ದನಿ ಬರಲಿಲ್ಲ. ನಾನು ತಟ್ಟೆ ಹಿಡಿದು ಅವನ ಹಿಂದೆಯೇ ಇದ್ದೆ. ಪೈಲಟ್ಟು ಕಿವಿಯ ಬಳಿ ಪಿಸ್ತೂಲಿಟ್ಟುಕೊಂಡೇ ಮೆಲ್ಲಗೆ, "ಹೇಳೋ, ಹೇಳೋ" ಎನ್ನುತ್ತಿದ್ದ.

"ಕಿರ್ಚ್ಲಾ!" ಎಂದಳು ಅಕ್ಕ, ಮುಂದಿನ ಸಾಲಿನಿಂದ.

ಅವನು ಕಿರುಚಿದ. ಹೆಂಚು ಹಾರಿಹೋಗುವಂತೆ ಕಿರುಚಿದ. ಒಂದು ಮಗು ಅಳತೊಡಗಿತು.

ನಾಟಕ ಸಾಗಿತು. ಪೈಲಟ್ಟು ಇಂಧನದ ಸುಳ್ಳು ಹೇಳಿದ, ನಾನು ಮಗುವನ್ನು ಬಚ್ಚಿಟ್ಟೆ. ವಿಮಾನ ಸುತ್ತು ಹೊಡೆಯುತ್ತಿದ್ದಾಗ ಕಾಲಡಿಯಲ್ಲಿ ಸಣ್ಣಗೆ ಗುಡುಗಿದಂತಾಯಿತು. ತಟ್ಟೆಯ ಮೇಲಿನ ಲೋಟಗಳು ಕಿಣಿಕಿಣಿ ಎಂದವು. ವೇದಿಕೆಯ ಮೇಲೂ ಕೆಳಗೂ ಎಲ್ಲರೂ ಇದ್ದಲ್ಲೇ ನಿಂತೆವು. ಬಾಗಿಲ ಬಳಿಯವರು ಆಗಲೇ ಎದ್ದಿದ್ದರು. ಎಲ್ಲರ ಕಿವಿಯೂ ಸೈರನ್ನಿನ ಕಡೆಗೆ. ಎಷ್ಟು ಹೊತ್ತು ಹಾಗೆ ನಿಂತೆವೋ. ಹೊರಗೆ ಒಂದು ಸೈಕಲ್ ಬೆಲ್ ಕೇಳಿಸಿತು, ಕೋಳಿಯೊಂದು ಕೊಕ್ಕೋ ಎಂದಿತು. ಸೈರನ್ ಕೂಗಲಿಲ್ಲ. ಭಾವ ಮೆಲ್ಲಗೆ ಎದ್ದು ನಿಂತು, ಪೂರಾ ಸಭೆಗೆ ಕೇಳುವಂತೆ, "ಸಣ್ದು ಕಣ್ರೀ. ನಡೀಲಿ, ನಡೀಲಿ" ಎಂದು ಮತ್ತೆ ಕೂತ.

ನಡೆಯಿತು. ವಿಮಾನ ರಾಗಿ ಹೊಲದಲ್ಲಿ ಇಳಿಯಿತು. ಹಳ್ಳಿಯವರು ಕುಡುಗೋಲು ಹಿಡಿದು ಬಂದು ಅಪಹರಣಕಾರರನ್ನು ಹಗ್ಗದಲ್ಲಿ ಕಟ್ಟಿದರು. ಇಂಥ ಅಸಂಭವವನ್ನು ಜನ ಒಂದು ಮಾತಿಲ್ಲದೆ ಒಪ್ಪಿಕೊಂಡರು. ಪ್ರಯಾಣಿಕರು ಒಬ್ಬೊಬ್ಬರೇ ವೇದಿಕೆಯ ಮೆಟ್ಟಿಲಿಳಿದು ಸಭೆಯ ನಡುವೆ ನಡೆದು ಹೊರಗೆ ಹೋಗಬೇಕು, ನಾನು ಕೈಮುಗಿದು ಕಳಿಸಬೇಕು. ಮೇಸ್ತ್ರಿ ಹೊಸದಾಗಿ ಸೇರಿಸಿದ್ದು ಅದು. ಕೊನೆಯ ಪ್ರಯಾಣಿಕ ಇಳಿಯುವವರೆಗೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಸೆರಗಿನಲ್ಲಿ ಮುಖ ಒತ್ತಿಕೊಂಡು ಕೂತಿದ್ದಳು.

ಎಲ್ಲ ಮುಗಿದ ಮೇಲೆ ಅವಳು ವೇದಿಕೆಯ ಹತ್ತಿರ ಬಂದಳು. ಹುಡುಗನ ಕೈಗೆ ಇನ್ನೂ ಹಗ್ಗ ಕಟ್ಟಿತ್ತು. ಅವಳು ಗಂಟು ಬಿಚ್ಚುತ್ತಾ ನಿಂತಳು. ಬಹಳ ಹೊತ್ತು ಬಿಚ್ಚಿದಳು. ಏನಾದರೂ ಹೇಳಬಹುದೆಂದು ನಾವೆಲ್ಲ ಕಾದೆವು.

"ಅಲ್ಲಾ, ಅಷ್ಟೊತ್ತು ಮ್ಯಾಲೆ ಸುತ್ತುದ್ರಲ್ಲ. ಆ ಮಕ್ಳು ಮರಿ ಒಂದಕ್ಕೆ ಎಲ್ಗೋದ್ವು?" ಎಂದಳು.

"ಪ್ಲೇನ್ನಾಗೇ ಇರ್ತದಂತೆ ಕಣಕ್ಕಾ" ಎಂದ ಅವನು.

"ಎಲ್ಲೈತೆ? ನಾ ಕಾಣ್ಲಿಲ್ಲ."

"ಇಂದ್ಗಡೆ ಇರ್ತದಂತೆ."

"ಇದ್ರೆ ತೋರ್ಸ್ಬೇಕಲ್ಲ ಮೇಸ್ತ್ರೀ? ಸುಮ್ನೆ ಇಂದ್ಗಡೆ ಇಂದ್ಗಡೆ ಅಂದ್ರೆ?"

ಮೇಸ್ತ್ರಿ ಕುರ್ಚಿಗಳನ್ನು ಮಡಚತೊಡಗಿದರು. ಅಕ್ಕ ಹಗ್ಗವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ನೀರು ಸೇದಲು ಬೇಕು ಎಂದು ಹೊರಟಳು. ತಮ್ಮ ಅದು ಕ್ಲಬ್ಬಿನ ಹಗ್ಗವೆಂದು ವಾದಿಸುತ್ತಾ ಹಿಂದೆ ಹೋದ. ಭಾವ ಅವರಿಬ್ಬರ ಹಿಂದೆ, ಟವೆಲು ಹೆಗಲಿಗೆ ಹಾಕಿಕೊಂಡು. ಲೈನಿನ ತಿರುವಿನವರೆಗೂ ಅವರ ಜಗಳ ಕೇಳುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ದೀಪ ಹಚ್ಚುವ ಹೊತ್ತಾಯಿತೆಂದು ನನಗೆ ಸನ್ನೆ ಮಾಡುತ್ತಿದ್ದರು.